‘ಅವರ ಪಾಡಿಗೆ ಅವರಿರಲಿ’ ಎಂಬ ಔದಾರ್ಯ

ತುರುವೇಕೆರೆ ತಾಲ್ಲೂಕಿನ ಸಂಪಿಗೆಗೆ ಒಂದು ಹಳೆಯ ಹೆಗ್ಗಳಿಕೆಯಿದೆ. ಜೈಮಿನಿ ಭಾರತದ ಹಂಸಧ್ವಜ ಆಳಿದ ಚಂಪಕಾಪುರ ಇದೇ ಎಂದು ಸುತ್ತಿನ ಜನ ನಂಬಿಕೊಂಡು ಬಂದಿದ್ದಾರೆ. ಧರ್ಮರಾಯನ ಯಜ್ಞದ ಕುದುರೆ ಊರಿಗೆ ಬಂದಾಗ ಹಂಸಧ್ವಜ ಅದನ್ನು ಕಟ್ಟಿಹಾಕಿ ಯುದ್ಧಕ್ಕೆ ಸಿದ್ಧನಾಗುತ್ತಾನೆ. ದಂಡಿಗೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವುದಾಗಿ ಸಾರಿಸುತ್ತಾನೆ. ತಡವಾಗಿ ಬಂದವನು ಅವನ ಮಗ ಸುಧನ್ವನೇ. ಹೊರಡುವ ಹೊತ್ತಿಗೆ ಹೆಂಡತಿ ಪ್ರಭಾವತಿ ತಡೆದಿದ್ದಳು. ಯುದ್ಧಕ್ಕೆ ಹೋದವನು ತಿರುಗಿ ಬರುತ್ತಾನೋ ಇಲ್ಲವೋ, ತನಗೊಂದು ಸಂತಾನ ಬೇಕು ಎಂದಿದ್ದಳು. ಆ ಮಾತು ಮೀರಲಾಗದೆ ಅವನು ಉಳಿದಿದ್ದ. ಶಂಖ, ಲಿಖಿತರೆಂಬ ಪುರೋಹಿತರು ಹಟ ಹಿಡಿದು ಅವನನ್ನು ಎಣ್ಣೆಗೆ ಹಾಕಿಸಿದರು. ಅವನು ಬೇಯಲಿಲ್ಲ. ಎಣ್ಣೆ ಕಾದಿಲ್ಲವೇನೋ ಎಂಬ ಅನುಮಾನಕ್ಕೆ ಒಂದು ತೆಂಗಿನಕಾಯಿ ಹಾಕಿಸಿ ನೋಡಿದರೆ, ಅದು ಸಿಡಿದು ಎರಡು ಹೋಳಾಗಿ ಆ ಇಬ್ಬರ ಹಣೆಗೇ ಬಂದು ಬಡಿಯಿತು.

ತೆಂಗಿನ ಸೀಮೆಯವರಿಗೆ ಈ ಕಾಯಿಯ ಪ್ರಸಂಗ ಬಲು ಇಷ್ಟ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಗಂಡಹೆಂಡಿರ ಕೋಣೆಯೊಳಗಿನ ಒಂದು ಸಂಗತಿಯನ್ನು ಗುಡಿಯ ಮುಂದೆ, ಮಕ್ಕಳು ಮುದುಕರು ಕೂತಿರುವಾಗ, ರಾಗವಾಗಿ ಓದಿ, ಅರ್ಥ ಬಿಡಿಸಿ ಹೇಳುತ್ತಾರೆ. ಹರಿಕಥೆ ಮಾಡುತ್ತಾರೆ, ರಾತ್ರಿಯಿಡೀ ಆಟ ಆಡುತ್ತಾರೆ. ಮನೆಯೊಳಗಿನ ಮಾತು ಬೀದಿಗೆ ಯಾಕೆ ಎಂದು ಯಾರೂ ಎದ್ದು ಹೋದದ್ದಿಲ್ಲ.

ಬೆಂಗಳೂರಿನ ಸಲಿಂಗಿಗಳ ಪ್ರೈಡ್ ಮೆರವಣಿಗೆ ಟಿವಿಯಲ್ಲಿ ಅರ್ಧ ನಿಮಿಷ ಬಂದುಹೋಗುವಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ತಿಪಟೂರಿನ ಟೀ ಅಂಗಡಿಯಲ್ಲೋ, ಕೊಬ್ಬರಿ ಹರಾಜಿನ ದಿನ ಮಂಡಿಯ ಜಗಲಿಯ ಮೇಲೋ ಯಾರಾದರೊಬ್ಬರು ಹೇಳುತ್ತಾರೆ: “ಅವ್ರ ಪಾಡಿಗ್ ಅವ್ರು ಇರ್ಲಿ ಬುಡಪ್ಪ, ಯಾರ್ ಬ್ಯಾಡ ಅಂದ್ರು? ಬೀದಿಗ್ಯಾಕ್ ಬರ್ಬೇಕು?” ಇದರಲ್ಲಿ ದ್ವೇಷವಿಲ್ಲ. ಹೇಳಿದವರು ತಮ್ಮ ಮಟ್ಟಿಗೆ ಧಾರಾಳವಾಗಿಯೇ ಮಾತಾಡಿದ್ದಾರೆ. ಬೈಯುವವರಿಗೆ ಉತ್ತರ ಕೊಡುವ ಉಮೇದು ನನಗಿಲ್ಲ, ಅವರು ಓದುವುದೂ ಇಲ್ಲ. ಆದರೆ ಈ ಧಾರಾಳಿಗಳ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಸಲಿಂಗಿಗಳ ಬದುಕನ್ನು ಹೆಚ್ಚು ಹಿಂಡಿರುವುದು ಬೈಗುಳಕ್ಕಿಂತ ಈ ಔದಾರ್ಯವೇ ಇರಬೇಕೆಂದು ನನ್ನ ಅನುಮಾನ.

ಮೊದಲಿಗೆ, ಗಂಡುಹೆಣ್ಣಿನ ಸಂಬಂಧವನ್ನು ನಾವು ಎಷ್ಟು ಗುಟ್ಟಾಗಿ ಇಟ್ಟುಕೊಂಡಿದ್ದೇವೆ ನೋಡೋಣ. ನಮ್ಮ ಕಡೆ ಒಂದು ಮದುವೆಯೆಂದರೆ ಊರ ಬಾಗಿಲಿನಲ್ಲಿ ಹುಡುಗ ಹುಡುಗಿಯ ಆಳೆತ್ತರದ ಫ್ಲೆಕ್ಸ್ ನಿಲ್ಲುತ್ತದೆ. ಮನೆ ಮುಂದೆ ತೆಂಗಿನ ಗರಿಯ ಚಪ್ಪರ, ಬಾಗಿಲಿಗೆ ಬಾಳೆಕಂದು, ರಾತ್ರಿಯಿಡೀ ದೀಪದ ಸರ. ಲಗ್ನಪತ್ರಿಕೆ ಹಿಡಿದು ಅಪ್ಪ ಸುತ್ತೇಳು ಹಳ್ಳಿ ತಿರುಗುತ್ತಾನೆ. ಒಬ್ಬರನ್ನು ಬಿಟ್ಟರೂ ಹತ್ತು ವರ್ಷದ ಮುನಿಸು. ಮೈಕಿನಲ್ಲಿ ಮುಯ್ಯಿ ಕೂಗುವುದಿದೆ, ಬೀಗರೂಟವಿದೆ. ಆರು ತಿಂಗಳಾದ ಮೇಲೆ ಬಸ್ಸಿನಲ್ಲಿ ಸಿಕ್ಕಿದ ದೂರದ ನೆಂಟರೂ “ಏನಾದ್ರೂ ವಿಶೇಷಾನಾ?” ಎಂದು ಹೊಸ ಸೊಸೆಯ ಹೊಟ್ಟೆ ನೋಡುತ್ತಾರೆ. ಒಂದು ಗಂಡು ಒಂದು ಹೆಣ್ಣು ಇನ್ನು ಮುಂದೆ ಒಟ್ಟಿಗೆ ಮಲಗುತ್ತಾರೆ ಎಂಬುದನ್ನು ಇಷ್ಟು ಜೋರಾಗಿ ಸಾರುವ ಸಮಾಜ, ಸಲಿಂಗಿಗಳ ಸರದಿ ಬಂದಾಗ ಮಾತ್ರ ‘ಇದು ಖಾಸಗಿ ವಿಷಯ’ ಎನ್ನುತ್ತದೆ.

ಮದುವೆಯಾಗದ ಸಂಕಟವೂ ಬೀದಿಗೆ ಬರುತ್ತದೆ. 2022ರ ನವೆಂಬರಿನಲ್ಲಿ ತುರುವೇಕೆರೆಯ ಪಕ್ಕದ ನಾಗಮಂಗಲ ಸೀಮೆಯ ಆದಿಚುಂಚನಗಿರಿಯಲ್ಲಿ ನಡೆದ ವಧುವರರ ಸಮಾವೇಶಕ್ಕೆ ಸಾವಿರಾರು ಗಂಡುಗಳು ಬಂದಿದ್ದರು, ಹೆಣ್ಣುಗಳು ಕೆಲವೇ ನೂರು. ಮರುವರ್ಷ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅದಕ್ಕೆ ಬ್ರಹ್ಮಚಾರಿಗಳ ನಡಿಗೆ ಎಂದೇ ಹೆಸರು. ಪತ್ರಿಕೆಗಳು ಮರುಕದಿಂದ ಬರೆದವು. ವ್ಯವಸಾಯದ ಸ್ಥಿತಿ, ಹೆಣ್ಣುಭ್ರೂಣ ಹತ್ಯೆಯ ಫಲ ಎಂದೆಲ್ಲ ಚರ್ಚೆಯಾಯಿತು. ಒಲಿದವರೊಡನೆ ಬಾಳಬೇಕು ಎಂಬ ಆಸೆಗೆ ರಸ್ತೆಯ ಮೇಲೆ ನಡೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಆ ಹುಡುಗರ ಮೇಲೆ ನನಗೆ ಪ್ರೀತಿಯಿದೆ. ಅವರಿಗೆ ಕೊಟ್ಟ ದಾರಿಯನ್ನು ಇವರಿಗೂ ಬಿಡಿ ಎಂದಷ್ಟೇ ನನ್ನ ಕೋರಿಕೆ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸಮಾನತೆಯ ಲೆಕ್ಕವಾಗುತ್ತದೆ: ನಿಮಗೆ ಮೆರವಣಿಗೆಯಿದೆ, ಅವರಿಗೂ ಇರಲಿ. ನನ್ನ ವಾದ ಅದಕ್ಕಿಂತ ಗಡಸು. ಸಲಿಂಗಿಗಳಿಗೆ ಗುಟ್ಟು ಎಂಬುದು ಯಾವತ್ತೂ ಆಸರೆಯಾಗಿ ಒದಗಿಲ್ಲ. ಗುಟ್ಟಿನ ಬೆಲೆಯನ್ನು ಬೇರೆಯವರು ವಸೂಲು ಮಾಡಿಕೊಂಡಿದ್ದಾರೆ.

1860ರಲ್ಲಿ ಬ್ರಿಟಿಷರು ಮಾಡಿದ ಭಾರತೀಯ ದಂಡಸಂಹಿತೆಯ 377ನೇ ಸೆಕ್ಷನ್ ‘ಪ್ರಕೃತಿಗೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತ್ತು. ಒಪ್ಪಿ ಕೂಡಿದ ವಯಸ್ಕರಿಗೆ ಅದರಡಿ ಶಿಕ್ಷೆಯಾದದ್ದು ತೀರಾ ವಿರಳ. ಆ ಕಾನೂನಿನ ನಿಜವಾದ ಕಸುಬು ಠಾಣೆಯ ಹೊರಗೆ, ಪಾರ್ಕಿನ ಮೂಲೆಯಲ್ಲಿ, ಬಸ್‌ ಸ್ಟ್ಯಾಂಡಿನ ಶೌಚಾಲಯದ ಹಿಂದೆ ನಡೆಯುತ್ತಿತ್ತು. “ಮನೆಗೆ ಫೋನ್ ಮಾಡ್ಲಾ?” ಎಂಬ ಒಂದೇ ಪ್ರಶ್ನೆಗೆ ಕೈಗಡಿಯಾರ, ಉಂಗುರ, ಜೇಬಿನ ದುಡ್ಡು ಎಲ್ಲ ಕಳಚಿ ಬೀಳುತ್ತಿದ್ದವು. ಮಾನವ ಹಕ್ಕು ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಸ್ಥಿತಿಯ ಮೇಲೆ ಹೊರತಂದ ವರದಿಯಲ್ಲಿ ಪೊಲೀಸರ ಸುಲಿಗೆ, ಹೊಡೆತ, ಮನೆಯವರ ಹಿಂಸೆ ಎಲ್ಲವೂ ದಾಖಲಾಗಿವೆ. ಹಾಗೆ ದುಡ್ಡು ಕಳೆದುಕೊಂಡವನು ದೂರು ಕೊಡಲು ಎಲ್ಲಿಗೆ ಹೋಗಬೇಕು? ಸುಲಿದವನ ಠಾಣೆಗೇ.

ಕಾನೂನು ಹೋದರೂ ಕಸುಬು ನಿಂತಿಲ್ಲ. ಮೊಬೈಲ್ ಆ್ಯಪಿನಲ್ಲಿ ಸ್ನೇಹ ಬೆಳೆಸಿ, ಕೋಣೆಗೆ ಕರೆಸಿ, ವಿಡಿಯೋ ಮಾಡಿಕೊಂಡು, ಊರಿನವರಿಗೆ ಕಳಿಸುತ್ತೇವೆ ಎಂದು ಯುಪಿಐನಲ್ಲಿ ದುಡ್ಡು ಹಾಕಿಸಿಕೊಳ್ಳುವ ಗುಂಪುಗಳು ದೇಶದ ಹಲವು ಊರುಗಳಲ್ಲಿ ಸಿಕ್ಕಿಬಿದ್ದಿವೆ. ಅವರ ಬಂಡವಾಳ ಒಂದೇ: ಸಿಕ್ಕಿಬಿದ್ದವನ ನಾಚಿಕೆ. ‘ಹೌದು, ನಾನು ಹೀಗೆ, ಕಳಿಸಿಕೋ’ ಎಂದು ಹೇಳಬಲ್ಲವನಿಂದ ಅವರಿಗೆ ಹತ್ತು ರೂಪಾಯಿ ಹುಟ್ಟುವುದಿಲ್ಲ. ಪ್ರೈಡ್ ಎಂಬ ಹೆಸರಿನ ಹಿಂದೆ ಇರುವುದು ಈ ವ್ಯವಹಾರದ ಜ್ಞಾನ. ಹೊರಗಿನವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ, ಒಳಗಿದ್ದವರಿಗೆ ಅದು ಸಾಲ ತೀರಿದ ನೆಮ್ಮದಿ.

ಮನೆಯೊಳಗೆ ಇದ್ದರೆ ಸಾಕು ಎನ್ನುವವರು ಪ್ರೊಫೆಸರ್ ರಾಮಚಂದ್ರ ಸಿರಸ್ ಅವರನ್ನು ನೆನೆಯಬೇಕು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದವರು, ನಿವೃತ್ತಿಯ ಅಂಚಿನಲ್ಲಿದ್ದವರು. 2010ರ ಫೆಬ್ರುವರಿಯಲ್ಲಿ ತಮ್ಮ ಮನೆಯ ಕೋಣೆಯಲ್ಲಿದ್ದಾಗ ಕ್ಯಾಮೆರಾ ಹಿಡಿದವರು ಒಳಗೆ ನುಗ್ಗಿದರು. ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಅವರನ್ನೇ. ಏಪ್ರಿಲ್ ಮೊದಲ ದಿನ ಅಲಹಾಬಾದ್ ಹೈಕೋರ್ಟ್ ಅವರ ಪರ ಆದೇಶ ಕೊಟ್ಟಿತು. ಒಂದೇ ವಾರದಲ್ಲಿ ಅವರು ಮನೆಯಲ್ಲಿ ಶವವಾಗಿ ಸಿಕ್ಕರು. ಮರುವರ್ಷ ಹೈದರಾಬಾದಿನಲ್ಲಿ ಒಂದು ತೆಲುಗು ವಾಹಿನಿ ಸಲಿಂಗಿಗಳ ಮುಖ, ಫೋನಿನ ಮಾತು ಎಲ್ಲ ತೋರಿಸಿ ‘ತನಿಖಾ ವರದಿ’ ಮಾಡಿತು. ಸುದ್ದಿ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆ ಒಂದು ಲಕ್ಷ ರೂಪಾಯಿ ದಂಡ ಹಾಕಿ ಕ್ಷಮೆ ಕೇಳಿಸಿತು. ತೋರಿಸಿದ ಮುಖಗಳನ್ನು ಮರಳಿ ಮುಚ್ಚಲು ಯಾವ ಕ್ಷಮೆಗೆ ಸಾಧ್ಯ?

ಇದೆಲ್ಲ ಎಲ್ಲೋ ದೂರದ ಮಾತೆನ್ನಿಸಿದರೆ ಹಾಸನಕ್ಕೆ ಬನ್ನಿ. ತಿಪಟೂರಿನಿಂದ ಅರಸೀಕೆರೆ ದಾಟಿದರೆ ಹಾಸನ. ನಮ್ಮ ಹುಡುಗರು ಓದಲು, ಆಸ್ಪತ್ರೆಗೆ ಹೋಗುವ ಊರು. 2013ರ ನವೆಂಬರ್ ಮೊದಲ ವಾರ ಅಲ್ಲಿನ ಪೊಲೀಸರು 377ನೇ ಸೆಕ್ಷನ್ನಿನಡಿ ಹನ್ನೆರಡಕ್ಕೂ ಹೆಚ್ಚು ಗಂಡಸರನ್ನು ಬಂಧಿಸಿದರು. ಒಪ್ಪಿ ಕೂಡಿದ ವಯಸ್ಕರಿಗೆ ಆ ಸೆಕ್ಷನ್ ತಾಗದು ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ತೀರ್ಪು ಆಗಿನ್ನೂ ಊರ್ಜಿತವಾಗಿತ್ತು. ಮಾನವ ಹಕ್ಕು ಸಂಘಟನೆಗಳು ಹಾಸನಕ್ಕೆ ಓಡಿಬಂದವು, ಬಂಧನವನ್ನು ಖಂಡಿಸಿದವು. ಆದರೆ ಸಣ್ಣ ಊರಿನಲ್ಲಿ ಸುದ್ದಿಯೇ ಶಿಕ್ಷೆ. ಕೆಲಸಕ್ಕಿದ್ದ ಅಂಗಡಿ, ಬಾಡಿಗೆ ಮನೆ, ಹೆಂಡತಿಯ ತವರು, ಎಲ್ಲ ಕಡೆಯೂ ಜಾಮೀನು ಸಿಗುವ ಮೊದಲೇ ತೀರ್ಮಾನವಾಗಿಹೋಗಿರುತ್ತದೆ. ಯಾರೂ ಅವರನ್ನು ಅವರ ಪಾಡಿಗೆ ಬಿಡಲಿಲ್ಲ. ಅವರು ಬೀದಿಗೆ ಬಂದವರಲ್ಲ, ಎಳೆದು ತರಲ್ಪಟ್ಟವರು. ಸಲಿಂಗಿಯ ಮುಂದೆ ಮನೆಯೋ ಬೀದಿಯೋ ಎಂಬ ಆಯ್ಕೆ ಇದೆ ಎಂದು ನಾವು ತಿಳಿದಿದ್ದೇವೆ. ಬೀದಿ ಹೇಗೂ ಖಾತ್ರಿ. ಯಾವತ್ತು, ಯಾರ ಜೊತೆ, ತಲೆ ಎತ್ತಿಯೋ ತಗ್ಗಿಸಿಯೋ ಎಂಬುದಷ್ಟೇ ಅವನ ಕೈಯಲ್ಲಿ ಉಳಿದಿರುವುದು.

ಅಮೆರಿಕದಲ್ಲೂ ಪ್ರೈಡ್ ಮೆರವಣಿಗೆ ಶುರುವಾದದ್ದು ಇದೇ ಕಾರಣಕ್ಕೆ. ಅಲ್ಲಿ ಬಾರುಗಳ ಮೇಲೆ ದಾಳಿ ಮಾಡಿ ಹಿಡಿದವರ ಹೆಸರುಗಳನ್ನು ಪತ್ರಿಕೆಗಳು ಅಚ್ಚು ಹಾಕುತ್ತಿದ್ದವು, ಬೆಳಗಾಗುವುದರೊಳಗೆ ಕೆಲಸ ಹೋಗಿರುತ್ತಿತ್ತು. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ ಬಾರಿನಲ್ಲಿದ್ದವರು ಪೊಲೀಸರಿಗೆ ತಿರುಗಿಬಿದ್ದರು. ಮರುವರ್ಷ ಅದೇ ದಿನ ಆ ನಗರದಲ್ಲಿ ಮೊದಲ ಮೆರವಣಿಗೆ. ನಮ್ಮಲ್ಲಿ 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ಹದಿನೈದು ಮಂದಿಯ ನಡಿಗೆ. ‘ಗೆಳೆತನದ ನಡಿಗೆ’ ಎಂದು ಅದಕ್ಕೆ ಅಂಜುತ್ತಲೇ ಹೆಸರಿಟ್ಟಿದ್ದರು. ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಗುಂಪು 1994ರಿಂದಲೇ ನಾಲ್ಕು ಗೋಡೆಯ ನಡುವೆ ಸೇರುತ್ತಿತ್ತು, 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿತು. ಆದರೂ ರಸ್ತೆಗಿಳಿಯಲು 2008ರ ಜೂನ್ 29 ಬರಬೇಕಾಯಿತು. ಅದೇ ದಿನ ದೆಹಲಿ, ಕೋಲ್ಕತ್ತಗಳಲ್ಲೂ ನಡೆದರು.

ಆ ಕಾಲದ ಮೆರವಣಿಗೆಗಳಲ್ಲಿ ಬಹಳ ಮಂದಿ ಮುಖವಾಡ ಹಾಕಿಕೊಳ್ಳುತ್ತಿದ್ದರು. ಬಹಿರಂಗವಾಗಿ ಹೆಮ್ಮೆ ಪಡಲು ಹೊರಟವರಿಗೆ ಮುಖವಾಡ ಯಾಕೆ ಎಂದು ಗೇಲಿ ಮಾಡಿದವರುಂಟು. ಟೌನ್‌ಹಾಲಿನ ಹತ್ತಿರ ಒಂದು ನವೆಂಬರಿನಲ್ಲಿ ನಾನು ಕಂಡ ಹುಡುಗನೊಬ್ಬ ಇಸ್ತ್ರಿ ಮಾಡಿದ ಷರಟು, ಕಪ್ಪು ಪ್ಯಾಂಟು, ಬ್ಯಾಂಕಿನ ಕೆಲಸಕ್ಕೆ ಹೊರಟಂತಿದ್ದ. ಮುಖಕ್ಕೆ ಬಣ್ಣದ ರಟ್ಟಿನ ಮುಖವಾಡ, ರಬ್ಬರ್ ದಾರ ಕಿವಿಯ ಹಿಂದೆ ಕೆಂಪಗೆ ಗೆರೆ ಎಳೆದಿತ್ತು. ತಮಟೆಯವರ ಪಕ್ಕದಲ್ಲೇ ಕುಣಿಯುತ್ತಿದ್ದವನಿಗೆ ಫೋನ್ ಬಂತು. ಗುಂಪು ಬಿಟ್ಟು ಪಕ್ಕದ ಗೋಡೆಗೆ ಹೋಗಿ, ಮುಖವಾಡ ಹಣೆಗೇರಿಸಿ ಮಾತಾಡಿದ. “ಏನಿಲ್ಲ ಕಣಮ್ಮ, ರಾಜ್ಯೋತ್ಸವದ ಮೆರವಣಿಗೆ ಹೋಗ್ತೈತೆ. ಹ್ಞೂ, ಉಂಡೆ. ಕಾಯಿ ಕೀಳೋರು ಬಂದ್ರಾ?” ಎಂದ. ಮಾತಿನ ಧಾಟಿ ನಮ್ಮ ಕಡೆಯದೇ. ಫೋನ್ ಜೇಬಿಗೆ ಹಾಕಿ, ಮುಖವಾಡ ಕೆಳಗೆಳೆದುಕೊಂಡು, ಓಡಿಹೋಗಿ ತಮಟೆಯವರನ್ನು ಕೂಡಿಕೊಂಡ. ಅವನು ಪೂರ್ತಿ ಬಯಲಿಗೆ ಬಂದಿರಲಿಲ್ಲ. ಅವ್ವನಿಗೆ ಸುಳ್ಳು ಹೇಳಿದ್ದ. ಆದರೂ ಆ ಮಧ್ಯಾಹ್ನ ನಡುರಸ್ತೆಯಲ್ಲಿ ತನ್ನಂಥವರ ಹೆಗಲಿಗೆ ಹೆಗಲು ತಾಗಿಸಿ ನಡೆಯಲು ಅವನಿಗೆ ಆಗಿತ್ತು. ಅವನ ಊರಿನಲ್ಲಿ ಅದು ಈ ಜನ್ಮಕ್ಕೆ ಆಗುವ ಮಾತಲ್ಲ.

ಮುಖ ಮುಚ್ಚಿಕೊಂಡೇ ಆಗಲಿ, ಯಾಕೆ ಎಣಿಕೆಗೆ ಸಿಗಬೇಕು ಎಂಬುದಕ್ಕೆ ಉತ್ತರ ನಮ್ಮ ಸುಪ್ರೀಂ ಕೋರ್ಟೇ ಕೊಟ್ಟಿದೆ, ತಿರುವುಮುರುವಾಗಿ. ಹಾಸನದ ಬಂಧನವಾಗಿ ಒಂದು ತಿಂಗಳಿಗೆ, 2013ರ ಡಿಸೆಂಬರ್ 11ರಂದು, ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣಗಳಲ್ಲೊಂದು: ಇವರು ದೇಶದ ಜನಸಂಖ್ಯೆಯ ತೀರಾ ಸಣ್ಣ ಭಾಗ, ನೂರೈವತ್ತು ವರ್ಷಗಳಲ್ಲಿ ಮೊಕದ್ದಮೆಗೆ ಸಿಕ್ಕಿದವರು ಇನ್ನೂರಕ್ಕಿಂತ ಕಡಿಮೆ. ಅಂದರೆ, ಹೆದರಿಸಿ ಅಡಗಿಸಿದ ಜನರನ್ನು ನೋಡಿ ‘ನೀವು ಎಲ್ಲಿದ್ದೀರಿ, ಕಾಣುತ್ತಲೇ ಇಲ್ಲವಲ್ಲ’ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯ ಕೇಳಿತು. ‘ಅವರ ಪಾಡಿಗೆ ಅವರಿರಲಿ’ ಎಂಬ ಮಾತು ಹೋಗಿ ಮುಟ್ಟುವ ಕೊನೆ ಇದು. ಸುಮ್ಮನಿದ್ದದ್ದೇ ಅವರ ವಿರುದ್ಧ ಸಾಕ್ಷಿಯಾಯಿತು. ಸಂಖ್ಯೆ ನೋಡಿ ಹಕ್ಕು ಕೊಡುವುದು ತಪ್ಪು ಎಂದು ವಾದಿಸಬಹುದು, ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಅದನ್ನೇ ಹೇಳಿ ಹಳೆಯ ತೀರ್ಪನ್ನು ಅಳಿಸಿತು. ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಚರಿತ್ರೆ ಕ್ಷಮೆ ಕೇಳಬೇಕು ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಆದರೆ ಆ ಐದು ವರ್ಷಗಳ ನಡುವೆ ದೇಶದ ಊರೂರುಗಳಲ್ಲಿ ಜನ ರಸ್ತೆಯಲ್ಲಿ ಕಾಣಿಸಿಕೊಳ್ಳದೆ ಇದ್ದಿದ್ದರೆ, ಪ್ರಸಿದ್ಧರೂ ಪುಡಿ ಕೆಲಸದವರೂ ತಮ್ಮ ಹೆಸರಲ್ಲಿ ಅರ್ಜಿ, ಪ್ರಮಾಣಪತ್ರ ಹಾಕದೆ ಇದ್ದಿದ್ದರೆ, ಆ ಪೀಠ ಯಾರ ಮುಖ ನೋಡಿ ತೀರ್ಪು ಬರೆಯುತ್ತಿತ್ತು?

ಹಿಜಡಾ, ಮಂಗಳಮುಖಿ ಸಮುದಾಯಗಳ ಕಡೆ ನೋಡಿದರೆ ಇದು ಇನ್ನೂ ಸ್ಪಷ್ಟ. ಅವರಿಗೆ ಅಡಗಲು ಜಾಗವೇ ಇರಲಿಲ್ಲ. ಸಿಗ್ನಲ್ಲಿನಲ್ಲಿ, ರೈಲಿನಲ್ಲಿ, ಸಂತೆಯಲ್ಲಿ ಎಲ್ಲರ ಕಣ್ಣ ಮುಂದೆ ನಿಂತು ಒದೆ ತಿಂದರು. ಹೋರಾಟದಲ್ಲೂ ಅವರೇ ಮುಂದೆ. ಅಕ್ಕೈ ಪದ್ಮಶಾಲಿಯವರಿಗೆ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ. ಅದೇ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲು ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಪ್ಯಾಂಟು ಷರಟಿನೊಳಗೆ ಸುರಕ್ಷಿತವಾಗಿ ಕೂತ ಗಂಡಸರು ಆ ಹೋರಾಟದ ನೆರಳಿನಲ್ಲಿ ನಿಂತವರು. ಸ್ಟಾರ್ ಹೋಟೆಲಿನ ಪ್ರೈಡ್ ಪಾರ್ಟಿಗಳಲ್ಲಿ ಈ ಋಣ ಯಾರಿಗೂ ನೆನಪಾಗುವುದಿಲ್ಲ ಎಂಬ ಸಿಟ್ಟು ನನಗಿದೆ. ಜೂನ್ ಬಂದಕೂಡಲೇ ತಮ್ಮ ಲೋಗೋಗೆ ಕಾಮನಬಿಲ್ಲು ಬಳಿದುಕೊಂಡು ಜುಲೈಗೆ ಒರೆಸಿಬಿಡುವ ಕಂಪನಿಗಳ ಬಗ್ಗೆ ಹೇಳದಿರುವುದೇ ವಾಸಿ.

‘ಇದೆಲ್ಲ ಪರದೇಶದ್ದು’ ಎಂಬ ಆಕ್ಷೇಪಕ್ಕೆ ಸಂಪಿಗೆಯವರಾದರೂ ತಲೆದೂಗಬಾರದು. ಇಂಗ್ಲಿಷಿನ ಕವಿತೆಗಳನ್ನು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಎಂದು ಅಡಗಿಸದೆ ಹೆಸರಿಟ್ಟ ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಪರದೇಶದಿಂದ ಬಂದದ್ದರಿಂದ ಹೊಸಗನ್ನಡ ಕಾವ್ಯ ಕೆಡಲಿಲ್ಲ, ಹುಟ್ಟಿತು. ಮೇ ದಿನ ಷಿಕಾಗೋದಿಂದ ಬಂತು, ಅದಕ್ಕೆ ನಮ್ಮ ಕಾರ್ಮಿಕರು ಕೆಂಬಾವುಟ ಹಿಡಿದು ನಡೆಯುತ್ತಾರೆ. ಇನ್ನು 377ನೇ ಸೆಕ್ಷನ್ ಎಲ್ಲಿಯದು? ಮೆಕಾಲೆಯ ಮೇಜಿನಿಂದ ಬಂದದ್ದು. ಕಾಯಿಲೆ ಹಡಗಿನಲ್ಲಿ ಬರಬಹುದು, ಔಷಧಿ ಮಾತ್ರ ಊರ ಬೇಲಿಯಲ್ಲೇ ಬೆಳೆದಿರಬೇಕು ಎನ್ನುವ ಹಟ ಇದು.

ವೇಷಭೂಷಣದ ಮೇಲೆ ಬರುವ ತಕರಾರು ಇದಕ್ಕಿಂತ ಗಟ್ಟಿ. ಮೀಸೆಯಿದ್ದೂ ಸೀರೆ ಉಟ್ಟವರು, ಮುಖಕ್ಕೆ ಬಣ್ಣ ಬಳಿದವರು, ಬೇಕೆಂದೇ ಕೆಣಕುವಂತೆ ಕುಣಿಯುವವರು ಮೆರವಣಿಗೆಯಲ್ಲಿ ಇರುತ್ತಾರೆ. ಕೆಲವು ನನಗೂ ಹಿಡಿಸುವುದಿಲ್ಲ. ಗಣಪತಿ ಬಿಡುವಾಗ ಡಿಜೆ ಹಾಕಿಕೊಂಡು ಕುಣಿಯುವ ನಮ್ಮ ಹುಡುಗರ ಕುಣಿತವೂ ಹಿಡಿಸುವುದಿಲ್ಲ, ಅದಕ್ಕಾಗಿ ಗಣಪತಿ ಬೇಡ ಎಂದವರಿಲ್ಲ. ಆದರೆ ಸೀರೆ ಉಟ್ಟ ಗಂಡಸು ನಿಜಕ್ಕೂ ನಮಗೆ ಅಪರಿಚಿತನೇ? ಪಕ್ಕದ ಗುಬ್ಬಿಯಿಂದ ಹೊರಟ ನಾಟಕ ಕಂಪನಿಯಲ್ಲಿ ಗಂಡಸರು ಹೆಣ್ಣಾಗಿ ಹಾಡಿದ್ದಕ್ಕೆ ನಮ್ಮ ಅಜ್ಜಂದಿರು ಗಾಡಿ ಕಟ್ಟಿಕೊಂಡು ಹೋಗಿದ್ದರು. ಮೂಡಲಪಾಯದಲ್ಲಿ ದ್ರೌಪದಿಯೂ ಪ್ರಭಾವತಿಯೂ ಆದವರು ಊರ ಗಂಡಸರೇ. ಬೆಂಗಳೂರಿನ ಕರಗ ಹೊರುವ ಪೂಜಾರಿ ಹೆಣ್ಣಿನ ಉಡುಗೆಯಲ್ಲಿ, ಮಲ್ಲಿಗೆ ಮುಡಿದು ನಡುರಾತ್ರಿ ಬೀದಿಗಿಳಿದರೆ ಲಕ್ಷ ಜನ ಕೈ ಮುಗಿಯುತ್ತಾರೆ. ನಮಗೆ ಸೀರೆ ತೊಂದರೆ ಕೊಟ್ಟಿಲ್ಲ. ಪಾತ್ರವೆಂದರೆ ಒಪ್ಪುತ್ತೇವೆ, ದೇವರ ಅಪ್ಪಣೆಯೆಂದರೆ ಅಡ್ಡಬೀಳುತ್ತೇವೆ. ಮುಖದ ಬಣ್ಣ ತೊಳೆದು, ಲುಂಗಿ ಉಟ್ಟು, ‘ಇದು ಪಾತ್ರವಲ್ಲ, ನನ್ನ ಬದುಕು’ ಎಂದು ಹೇಳುವವನು ನಮಗೆ ಕಷ್ಟ. ಪ್ರೈಡ್ ಮೆರವಣಿಗೆ ಹೇಳುವುದು ಅದೊಂದನ್ನೇ.

ಮಕ್ಕಳು ನೋಡಿ ಕೆಡುತ್ತಾರೆ ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಅದನ್ನು ‘ಗುಣಪಡಿಸುವ’ ಚಿಕಿತ್ಸೆ ಕೊಡುವುದು ವೈದ್ಯವೃತ್ತಿಗೆ ತಪ್ಪು ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಮೆರವಣಿಗೆ ನೋಡಿ ಯಾರೂ ಸಲಿಂಗಿಯಾಗುವುದಿಲ್ಲ. ಸಾವಿರಾರು ಮದುವೆ ನೋಡಿಯೂ ಸಲಿಂಗಿಗಳು ಹುಟ್ಟುತ್ತಲೇ ಇಲ್ಲವೇ?

ಹಾಗೆ ಹುಟ್ಟಿದ ಒಬ್ಬ ಹುಡುಗ ಚಿಕ್ಕನಾಯಕನಹಳ್ಳಿಯ ಒಳಹಳ್ಳಿಯಲ್ಲಿ ಹದಿನಾರು ವರ್ಷದವನಾಗಿದ್ದಾನೆ ಎಂದುಕೊಳ್ಳಿ. ಜಾತಿಯಿಂದ ನೊಂದವನಿಗೆ ಮನೆಯಲ್ಲಿ ಅದೇ ನೋವುಂಡ ಅಪ್ಪ ಅವ್ವ ಇರುತ್ತಾರೆ. ಇವನಿಗೆ ಮನೆಯೂ ಇಲ್ಲ. ಇಡೀ ತಾಲ್ಲೂಕಿಗೆ ತಾನೊಬ್ಬನೇ ಹೀಗೆ, ಇದು ಯಾವುದೋ ಪಾಪದ ಫಲ ಎಂದುಕೊಂಡು ಬೆಳೆಯುತ್ತಾನೆ. ಅವನ ಕಿವಿಗೆ ಬೀಳುವ ಕನ್ನಡದಲ್ಲಿ ಅವನಿಗಿರುವುದು ಬೈಗುಳಗಳು ಮಾತ್ರ. ಹಾಸನದ ಬಂಧನ, ಸುಪ್ರೀಂ ಕೋರ್ಟಿನ ತೀರ್ಪು ಎರಡೂ ಬಂದ ಆ 2013ರಲ್ಲೇ ವಸುಧೇಂದ್ರರ ‘ಮೋಹನಸ್ವಾಮಿ’ ಹೊರಬಂತು. ಸಂಡೂರಿನ ಲೇಖಕ ತನ್ನ ಹೆಸರಿನಲ್ಲೇ, ನಮ್ಮ ಮನೆ, ಮಡಿ, ಹಾಸ್ಟೆಲು, ಗೆಳೆತನಗಳ ಕನ್ನಡದಲ್ಲೇ ಸಲಿಂಗಿಯ ಬದುಕನ್ನು ಬರೆದಾಗ ಎಷ್ಟೋ ಮಂದಿಗೆ ಮೊದಲ ಸಲ ಒಂದು ಜೊತೆ ಸಿಕ್ಕಂತಾಯಿತು. ಪುಸ್ತಕ ಓದದವರಿಗೆ ಮೆರವಣಿಗೆಯ ಆ ಅರ್ಧ ನಿಮಿಷದ ಸುದ್ದಿಯೇ ಪುಸ್ತಕ. ಅಪ್ಪ ಚಾನೆಲ್ ಬದಲಿಸುವುದರೊಳಗೆ ಹುಡುಗ ನೋಡಿರುತ್ತಾನೆ. ನಮ್ಮಂಥವರು ಇದ್ದಾರೆ, ನಗುತ್ತಿದ್ದಾರೆ, ಅವರಲ್ಲಿ ನರೆಗೂದಲಿನವರೂ ಇದ್ದಾರೆ. ಹತಾಶೆಯಿಂದ ತೋಟದ ಬಾವಿಯ ಕಡೆ ನೋಡುವ ವಯಸ್ಸಿನಲ್ಲಿ ಈ ನರೆಗೂದಲು ಕಾಣುವುದು ಸಣ್ಣ ಮಾತಲ್ಲ. ಅದಕ್ಕಾಗಿಯೇ ಮೆರವಣಿಗೆ ಶೋಕಸಭೆಯಾಗದೆ ಹಬ್ಬವಾಗಿರಬೇಕು. ಧರಣಿ ಕೂತು ಅತ್ತಿದ್ದರೆ ಆ ಹುಡುಗನಿಗೆ ತನಗೆ ಮೊದಲೇ ಗೊತ್ತಿದ್ದ ದುಃಖವೇ ಇನ್ನೊಮ್ಮೆ ಕಾಣುತ್ತಿತ್ತು.

ಕಾಣದೆ ಉಳಿದವನನ್ನು ನಾವೇನು ಮಾಡುತ್ತೇವೆ? ಮದುವೆ ಮಾಡುತ್ತೇವೆ. ‘ಒಂದು ಗಂಟು ಹಾಕಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ನಮ್ಮ ಹಿರಿಯರ ಸರ್ವರೋಗ ಪರಿಹಾರ. ಗುಟ್ಟಿನ ಭಾರ ಆಗ ಇನ್ನೊಂದು ಮನೆಗೂ ಹೋಗುತ್ತದೆ. ತನ್ನಲ್ಲೇ ಏನೋ ಕೊರತೆಯೆಂದು ಕೊರಗುವ ಹುಡುಗಿ, ಮಕ್ಕಳಾಗಲಿಲ್ಲವೆಂದು ಅವಳಿಗೆ ಹೊರಿಸುವ ಹರಕೆಗಳು, ಕೊನೆಗೊಂದು ದಿನ ‘ಹೊಂದಾಣಿಕೆ ಇಲ್ಲ’ ಎಂಬ ಎರಡು ಪದದಲ್ಲಿ ಮುಗಿಯುವ ವಿಚ್ಛೇದನ ಅರ್ಜಿ. ಪ್ರೈಡ್ ಬೇಡ, ಗುಟ್ಟಾಗಿರಲಿ ಎನ್ನುವವರು ಈ ಹುಡುಗಿಯ ಅಪ್ಪನ ಮುಂದೆ ಆ ಮಾತು ಹೇಳಬಲ್ಲರೇ?

ಅಪ್ಪ ಅವ್ವಂದಿರು ಈಗೀಗ ತಾವೇ ಬಯಲಿಗೆ ಬರುತ್ತಿದ್ದಾರೆ. ‘ಸ್ವೀಕಾರ್’ ಎಂಬ ಪೋಷಕರ ಕೂಟದ ನಾನೂರಕ್ಕೂ ಹೆಚ್ಚು ತಂದೆತಾಯಿಗಳು 2023ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನಮಗೆ ವಯಸ್ಸಾಗುತ್ತಿದೆ, ನಮ್ಮ ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ಬೀಳುವುದನ್ನು ಕಣ್ಣಾರೆ ನೋಡಬೇಕು ಎಂಬುದು ಅದರ ಸಾರ. ಅದೇ ವರ್ಷ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸಲಿಂಗ ವಿವಾಹ ಮೂಲಭೂತ ಹಕ್ಕಲ್ಲ, ಬೇಕಾದರೆ ಶಾಸಕಾಂಗ ಮಾಡಲಿ ಎಂದಿತು ಪೀಠ. ಅದರ ಬೆನ್ನಿಗೆ 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಎರಡು ಸಣ್ಣ ಸೂಚನೆಗಳನ್ನು ಹೊರಡಿಸಿತು: ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಅವರನ್ನು ಒಂದೇ ಕುಟುಂಬವೆಂದು ಪರಿಗಣಿಸಬೇಕು.

ಅಕ್ಕಿ ಬೇಳೆಯ ಈ ಹಕ್ಕನ್ನು ಪಡೆಯುವುದು ಹೇಗೆ? ಇಬ್ಬರು ಹೆಂಗಸರೋ ಇಬ್ಬರು ಗಂಡಸರೋ ತುರುವೇಕೆರೆ ತಾಲ್ಲೂಕು ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಕಿಟಕಿಯ ಮುಂದೆ ಬಂದಾಗ ತಾವಿಬ್ಬರೂ ಒಂದೇ ಮನೆ ಎಂದು ಹಿಂದೆ ನಿಂತವರಿಗೂ ಕೇಳಿಸುವಂತೆ ಹೇಳಬೇಕು. ಅರ್ಜಿಯಲ್ಲಿ ಸಂಬಂಧ ಎಂಬ ಕಾಲಂ ಇರುತ್ತದೆ. ಅದಕ್ಕೆ ಏನು ಬರೆಯಬೇಕೆಂದು ಗುಮಾಸ್ತ ಪಕ್ಕದ ಮೇಜಿನವರನ್ನು ಕೂಗಿ ಕೇಳುತ್ತಾನೆ. ಆಮೇಲೆ ಸ್ಥಳ ಪರಿಶೀಲನೆಗೆ ಊರಿಗೆ ಬಂದವರು ಅಕ್ಕಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ, ಇವರಿಬ್ಬರೂ ಇಲ್ಲಿ ಒಟ್ಟಿಗೆ ಬಾಳುತ್ತಿರುವುದು ನಿಮಗೆ ಗೊತ್ತೇ ಎಂದು.